ಬೂದಿಯ ಎಡ ಮುಂಗಾಲು

ದಬ್ಬಣದಕ್ಕನಿಗೆ ಆ ಹೆಸರು ಬಂದದ್ದು ಅವಳ ತಮ್ಮನ ಪ್ಯಾಂಟಿನಿಂದ. ಹಿಮ ಬಿದ್ದು ದಾರಿ ಮುಚ್ಚಿಹೋಗುವ ತಿಂಗಳುಗಳಲ್ಲಿ ಬೆಟ್ಟದ ಮೇಲಿನ ಮನೆಗಳಿಗೆ ಅಂಚೆ ಚೀಲವನ್ನೂ ಔಷಧಿ ಪೆಟ್ಟಿಗೆಯನ್ನೂ ಮುಟ್ಟಿಸುವುದು ಆ ತಮ್ಮನ ಮನೆಯವರ ಕೆಲಸ. ನಾಯಿಗಳು ಎಳೆಯುವ ಜಾರುಬಂಡಿ, ಬಂಡಿ ನಡೆಸುವವನು ತಮ್ಮ. ಒಂದು ಬೆಳಿಗ್ಗೆ ನಾಯಿಗಳನ್ನೆಲ್ಲ ಸಾಲಾಗಿ ಕಟ್ಟಿ, ಇನ್ನೇನು ಹೊರಡಬೇಕು ಅನ್ನುವಷ್ಟರಲ್ಲಿ ಅವನು ಹಗ್ಗ ಬಿಗಿಯಲು ಬಗ್ಗಿದ. ಪ್ಯಾಂಟು ಹಿಂದಿನಿಂದ ಪರ್ರನೆ ಹರಿಯಿತು. ಒಳಗೆ ಹೋಗಿ ಬದಲಾಯಿಸೋಣವೆಂದರೆ, ಕಟ್ಟಿದ ನಾಯಿಗಳು ಕಾಯುವ ಪೈಕಿಯಲ್ಲ. ಬಂಡಿಯನ್ನೇ ಎಳೆದುಕೊಂಡು ಓಡಿಹೋಗುತ್ತವೆ.

"ಅಲ್ಲಾಡಬೇಡ, ನಿಂತ್ಕೋ" ಅಂದವಳೇ ಅಕ್ಕ ಕೈಯಲ್ಲಿದ್ದ ದಬ್ಬಣದಿಂದ, ನಾಯಿಯ ಪಟ್ಟಿ ಹೊಲಿಯುವ ಅದೇ ಮೇಣದ ದಾರದಿಂದ, ತಮ್ಮನ ಮೈಮೇಲೆಯೇ ಪ್ಯಾಂಟು ಹೊಲಿದು ಕಳಿಸಿದಳು. ಅವತ್ತು ಮೇಲಿನ ಮನೆಗಳವರು ಎಷ್ಟು ಒತ್ತಾಯ ಮಾಡಿದರೂ ಅವನು ಕೂರಲೇ ಇಲ್ಲವಂತೆ. ನಿಂತುಕೊಂಡೇ ಚಹಾ ಕುಡಿದು, ನಿಂತುಕೊಂಡೇ ಹೊರಟನಂತೆ. ಆ ಹೊಲಿಗೆ ಅಷ್ಟು ಗಡುಸು. ಅಂದಿನಿಂದ ಊರಿಗೆಲ್ಲ ಅವಳು ದಬ್ಬಣದಕ್ಕ. ಪ್ಯಾಂಟು ಯಾವತ್ತೋ ಒಲೆ ಒರೆಸುವ ಬಟ್ಟೆಯಾಗಿ ಮುಗಿದುಹೋಯಿತು, ಹೊಲಿಗೆ ಮಾತ್ರ ಬಿಟ್ಟಿರಲಿಲ್ಲ ಅಂತ ಇವತ್ತಿಗೂ ಹೇಳುತ್ತಾರೆ.

ಅವಳ ಕೋಣೆ ಅಂಗಳದ ಒಂದು ತುದಿಗೆ. ಒಂದು ಸಣ್ಣ ಒಲೆ, ಅದರ ಮೇಲೆ ಕರಗಲು ಇಟ್ಟ ಜೇನುಮೇಣದ ಬಟ್ಟಲು, ಗೋಡೆಯುದ್ದಕ್ಕೂ ಮೊಳೆಗಳಲ್ಲಿ ನೇತುಬಿದ್ದ ಎದೆಪಟ್ಟಿಗಳು. ನಾಯಿಯ ಎದೆಗೂ ಹೆಗಲಿಗೂ ಹಾಕಿ ಬೆನ್ನ ಮೇಲಿಂದ ಹಗ್ಗ ಬಿಗಿಯುವ ಪಟ್ಟಿ ಅದು. ನೋಡಲು ಎಲ್ಲವೂ ಒಂದೇ ಥರ. ಅವಳಿಗೆ ಮಾತ್ರ ಕತ್ತಲಲ್ಲಿ ಮುಟ್ಟಿದರೂ ಯಾವುದು ಯಾರದ್ದು ಅಂತ ಗೊತ್ತು. ಪಟ್ಟಿ ಸಡಿಲವಾದರೆ ನಾಯಿಯ ಕಂಕುಳಲ್ಲಿ ಕೂದಲು ಉದುರಿ ಚರ್ಮ ಕೆಂಪಾಗುತ್ತದೆ. ಬಿಗಿಯಾದರೆ ಹೆಗಲು ಪೂರ್ತಿ ಮುಂದಕ್ಕೆ ಬರದೆ ಹೆಜ್ಜೆ ಗಿಡ್ಡವಾಗುತ್ತದೆ. ಇದೆಲ್ಲ ಅವಳು ಓದಿ ಕಲಿತದ್ದಲ್ಲ, ಹೇಳಿಕೊಟ್ಟದ್ದು ಅವಳ ಅತ್ತೆ. ಆ ಅತ್ತೆಯೋ, ಸೊಸೆ ಮಾಡಿದ ರೊಟ್ಟಿಯನ್ನು ಒಂದು ದಿನ ಚೆನ್ನಾಗಿದೆ ಅಂದವಳಲ್ಲ. ಸೊಸೆ ಹೊಲಿದ ಪಟ್ಟಿಯನ್ನು ಮಾತ್ರ ಎಳೆದು ನೋಡಿ ಸುಮ್ಮನಾಗುತ್ತಿದ್ದಳು. ಆ ಸುಮ್ಮನಿರುವಿಕೆಯೇ ಹೊಗಳಿಕೆ ಅಂತ ತಿಳಿಯಲು ಸೊಸೆಗೆ ಬಹಳ ವರ್ಷ ಹಿಡಿಯಿತು. ಗಂಡ ತೀರಿಕೊಂಡ ಮೇಲೆ ಅವಳು ದಬ್ಬಣ, ಮೇಣದ ಬಟ್ಟಲು, ಅತ್ತೆಯ ಹಳೇ ಕತ್ತರಿ ಕಟ್ಟಿಕೊಂಡು ತಮ್ಮನ ಮನೆಗೆ ಬಂದಳು. ಅದು ಇನ್ನೊಂದು ಕಥೆ, ಇರಲಿ.

ಪಟ್ಟಿ ಅರ್ಧ ಕೆಲಸ, ಕಾಲು ಇನ್ನರ್ಧ. ದಿನವಿಡೀ ಓಡುವ ನಾಯಿಗೆ ಕಾಲೇ ಸರ್ವಸ್ವ. ಬೆರಳುಗಳ ನಡುವೆ ಹಿಮ ಸಿಕ್ಕಿ ಗೋಲಿಯಷ್ಟು ಗಟ್ಟಿಯಾಗಿ ಚರ್ಮ ಸೀಳುತ್ತದೆ. ಒರಟು ಮಂಜುಗಡ್ಡೆಯ ಮೇಲೆ ಓಡಿದರೆ ಅಂಗಾಲಿನ ಮೆತ್ತೆ ಬಿರಿಯುತ್ತದೆ. ಅದಕ್ಕಾಗಿ ಅವಳು ಪ್ರತಿ ನಾಯಿಗೂ ಬಟ್ಟೆಯ ಕಾಲುಚೀಲ ಹೊಲಿಯುತ್ತಿದ್ದಳು. ಹೊಟ್ಟೆಯ ವಿಷಯ ಬೇರೆ. ಓಡುವ ಮುಂಚೆ ಹೊಟ್ಟೆತುಂಬ ತಿಂದರೆ ಕರುಳು ತಿರುಚಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಹಾಗಂತ ಬಾಯಾರಿದಾಗ ಬರೀ ನೀರು ಇಟ್ಟರೆ ಮೂಸಿ ನೋಡಿ ಮುಖ ತಿರುಗಿಸುತ್ತವೆ, ದೊಡ್ಡ ಮನುಷ್ಯರ ಹಾಗೆ. ಮಾಂಸ ಬೇಯಿಸಿದ ತಿಳಿಯನ್ನು ಒಂದಿಷ್ಟು ಬೆರೆಸಿದರೆ ಬಕೆಟ್ಟು ನೆಕ್ಕಿ ಖಾಲಿ. ಈ ತಿಳಿಯ ಖಾತೆ ತಮ್ಮನ ಹೆಂಡತಿಯದು. ಅಡುಗೆಮನೆಯಲ್ಲಿ ಮನುಷ್ಯರ ಪಾತ್ರೆಗಿಂತ ನಾಯಿಗಳ ಹಂಡೆಯೇ ದೊಡ್ಡದು.

ಪ್ರತಿ ಬೆಳಿಗ್ಗೆ ಬಂಡಿ ಹೊರಡುವ ಮುನ್ನ ದಬ್ಬಣದಕ್ಕ ಎಡ ತೋಳಿಗೆ ಪಟ್ಟಿಗಳನ್ನೆಲ್ಲ ನೇತುಹಾಕಿಕೊಂಡು ಅಂಗಳಕ್ಕೆ ಬರುತ್ತಿದ್ದಳು. ಒಂದೊಂದೇ ನಾಯಿಯ ಮುಂದೆ ಮಂಡಿಯೂರಿ ಅಂಗಾಲು ಒತ್ತಿ, ಬೆರಳು ಬಿಡಿಸಿ, ಕಾಲು ಮುಂದಕ್ಕೂ ಹಿಂದಕ್ಕೂ ಎಳೆದು, ಕೊನೆಗೆ ತಲೆ ತಟ್ಟಿ "ಸೈ" ಅನ್ನುವಳು. ಸೈ ಅಂದರೆ ಪಟ್ಟಿ ಬೀಳುತ್ತದೆ, ಅನ್ನದಿದ್ದರೆ ಆ ನಾಯಿಗೆ ಅವತ್ತು ರಜೆ. ಈ ಒಂದು ಮಾತಿನ ಮೇಲೆ ತಮ್ಮ ಯಾವತ್ತೂ ಎದುರಾಡಿದವನಲ್ಲ.

ಆ ವರ್ಷ ಸಾಲಿನ ಮುಂದೆ ಓಡುತ್ತಿದ್ದದ್ದು ಬೂದಿ. ಒಲೆಯ ಬೂದಿಯ ಬಣ್ಣ, ಮೈಯೆಲ್ಲ ನರ. ಹಿಮದ ಕೆಳಗೆ ದಾರಿ ಎಲ್ಲಿದೆ ಅಂತ ಮನುಷ್ಯರಿಗೆ ತಿಳಿಯದಿದ್ದಾಗಲೂ ಅದರ ಕಾಲಿಗೆ ತಿಳಿಯುತ್ತಿತ್ತು. ತಾಯಿ ಸತ್ತ ಮರಿಯನ್ನು ದಬ್ಬಣದಕ್ಕನೇ ತನ್ನ ಒಲೆಯ ಪಕ್ಕ, ಪಟ್ಟಿಯ ಚೂರುಗಳ ಬುಟ್ಟಿಯಲ್ಲಿ ಇಟ್ಟು ಬೆಳೆಸಿದ್ದಳು. ಹೆತ್ತ ಮಗಳಾದರೂ ಇಷ್ಟು ಹಿಂದೆ ಮುಂದೆ ಸುತ್ತುತ್ತಿರಲಿಲ್ಲ ಅಂತ ಊರವರು ನಗುವರು.

ಒಂದು ಸಲ ಬಿಸಿಲು ಕಾದು ಹಿಮ ಮೆತ್ತಗಾಗಿ, ಇಳಿಜಾರಿನಲ್ಲಿ ನಾಯಿಗಳ ಕಾಲು ಹೆಜ್ಜೆ ಹೆಜ್ಜೆಗೂ ಹೂತುಕೊಂಡಿತು. ಬಂಡಿ ಬಂದ ಮರುದಿನ ಬೆಳಿಗ್ಗೆ ತಮ್ಮನ ಹೆಂಡತಿ ಅಡುಗೆಮನೆ ಕಿಟಕಿಯಿಂದ ಕೂಗಿದಳು.

"ಅತ್ತಿಗೆ, ಬೂದಿ ಕುಂಟ್ತಾ ಇದೆ ನೋಡಿ."

ದಬ್ಬಣದಕ್ಕ ಕೋಣೆಯಿಂದ ಹೊರಗೆ ಬಂದು ನೋಡಿದರೆ ಬೂದಿ ಬಾಲ ಎತ್ತಿಕೊಂಡು ಕುಣಿಯುತ್ತಿದೆ. ಕಾಲು ಒತ್ತಿದಳು, ಎಳೆದಳು. ಬೂದಿ ಅವಳ ಮೂಗು ನೆಕ್ಕಿತು.

"ಎಲ್ಲಿ ಕುಂಟ್ತಾ ಇದೆಯಮ್ಮ? ನಿನ್ನ ಕಿಟಕಿ ಗಾಜೇ ಸೊಟ್ಟ ಇರ್ಬೇಕು."

"ಈಗ ಕುಂಟ್ತಿಲ್ಲ. ಆಗ ಕುಂಟ್ತಿತ್ತು."

"ಹಾಗಾದ್ರೆ ಆಗಿಂದಾಗಲೇ ವಾಸಿ ಆಯ್ತು ಅನ್ನು. ನಿನ್ನ ತಿಳಿಯಲ್ಲಿ ಏನು ಮದ್ದು ಹಾಕಿದ್ದೆ?"

ತಮ್ಮನ ಹೆಂಡತಿ ನಕ್ಕಳು. ಆದರೆ ಮರುದಿನ ಮತ್ತೆ ಅದೇ ಕೂಗು, ಅದರ ಮರುದಿನ ಮತ್ತೆ. ಪ್ರತಿ ಸಲವೂ ಬೂದಿ ದಬ್ಬಣದಕ್ಕನ ಮುಂದೆ ಹೊಸ ಮದುವಣಗಿತ್ತಿಯ ಹಾಗೆ ನೆಟ್ಟಗೆ ನಿಲ್ಲುವುದು. ನಾಲ್ಕು ಕಾಲಿಗೂ ಸೈ ಬೀಳುವುದು. ಇದರ ನಡುವೆ ಕೆಳಗಿನ ಹತ್ತಿರದ ಮನೆಗಳಿಗೆ ಸಣ್ಣ ಸುತ್ತೂ ಆಯಿತು. ಬೂದಿ ಮುಂದೆಯೇ ಓಡಿತು, ಏನೂ ಆಗಲಿಲ್ಲ. ಆಗಲಿಲ್ಲ ಅಂತ ಎಲ್ಲರೂ ಅಂದುಕೊಂಡರು.

ಅಷ್ಟು ಹೊತ್ತಿಗೆ ಮನೆಯೊಳಗೆ ಗಾಳಿ ಸ್ವಲ್ಪ ಬಿಗಿಯಾಗಿತ್ತು. ತಮ್ಮನ ಹೆಂಡತಿ ಬೇರೆ ಊರಿಂದ ಬಂದವಳು, ನಾಯಿ ಅಂದರೆ ಬಾಗಿಲು ಕಾಯುವುದು ಅಂತಷ್ಟೇ ಗೊತ್ತಿದ್ದವಳು. ಇವಳು ತನಗೆ ಕಾಲಿನ ಪಾಠ ಹೇಳುವುದೇ ಅನ್ನುವುದು ದಬ್ಬಣದಕ್ಕನ ಹೊಟ್ಟೆಯೊಳಗಿನ ಮಾತು. ಬಾಯಿಗೆ ಬಂದದ್ದು ಬೇರೆ.

ಊಟಕ್ಕೆ ಕೂತಾಗ ಅಂದಳು, "ಗಂಡ ಬೆಟ್ಟ ಹತ್ತೋದು ಬೇಡ ಅನ್ನಿಸಿದ್ರೆ ನೇರವಾಗಿ ಹೇಳ್ಬೇಕಮ್ಮ. ಪಾಪದ ನಾಯಿ ಮೇಲೆ ಯಾಕೆ ಹಾಕೋದು?"

"ನಾನು ಹಾಗೆ ಅಂದ್ನಾ ಅತ್ತಿಗೆ? ಅವರು ಮನೇಲಿದ್ರೆ ನನಗೇ ಜಾಸ್ತಿ ಕೆಲಸ. ಒಂದು ಲೋಟ ಎತ್ತಿಡಲ್ಲ."

ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. "ಇಬ್ಬರೂ ಸೇರಿ ನನ್ನನ್ನ ಯಾಕೆ ಎಳೀತೀರ? ನಾನೇನು ಬಂಡಿನಾ?" ಅಂದ. ನಗು ಬರಲಿ ಅಂತ ಅಂದದ್ದು, ಬರಲಿಲ್ಲ.

ಅವನಿಗೂ ಚಿಂತೆ ಇತ್ತು. ಮರುದಿನ ಮೇಲಿನ ಮನೆಗಳ ಉದ್ದ ಸುತ್ತು. ಏಣಿಯಂಥ ಏರು, ಒಂದು ಪಕ್ಕ ಕಮರಿ. ಬೂದಿ ಇಲ್ಲದೆ ಆ ದಾರಿ ಅಂದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದ ಹಾಗೆ. ಬೂದಿ ನಡುದಾರಿಯಲ್ಲಿ ಕಾಲು ಕಳೆದುಕೊಂಡರೆ ಇನ್ನೂ ಕಷ್ಟ. ಅಲ್ಲಿಂದ ಹೊತ್ತು ತರಬಹುದು. ಆದರೆ ನರ ಹರಿದ ನಾಯಿ ಮತ್ತೆ ಓಡುವುದಿಲ್ಲ. ಓಡದ ಬೂದಿಯನ್ನು ಆ ಮನೆಯಲ್ಲಿ ಯಾರೂ ಊಹಿಸಿದವರಲ್ಲ. ಬೂದಿಯಂತೂ ಊಹಿಸಿಯೇ ಇರಲಿಕ್ಕಿಲ್ಲ.

"ಅಕ್ಕ, ನಾಳೆ ಬೆಳಿಗ್ಗೆ ಇನ್ನೊಂದ್ಸಲ ನೋಡಿಬಿಡು. ನೀನು ಸೈ ಅಂದ್ರೆ ಮುಗೀತು" ಅಂದ.

"ದಿನಾ ನೋಡ್ತಾನೇ ಇದೀನಲ್ಲೋ."

ಬೆಳಿಗ್ಗೆ ಅವಳು ಬೂದಿಯ ಪಟ್ಟಿಗೇ ಹೊಸ ಹೊಲಿಗೆ ಹಾಕುತ್ತ ಕೂತಿದ್ದಳು. ಮನಸ್ಸು ನೆಟ್ಟಗಿರಲಿಲ್ಲವೋ ಏನೋ, ಎಂದೂ ತಪ್ಪದ ದಬ್ಬಣ ಜಾರಿ ಹೆಬ್ಬೆರಳಿಗೆ ಇಳಿಯಿತು. ರಕ್ತ ಚಿಮ್ಮಿತು. ಬೂದಿಯ ಪಟ್ಟಿಗೆ ಕಲೆಯಾದೀತು ಅಂತ ಮೊದಲು ಪಟ್ಟಿ ಪಕ್ಕಕ್ಕಿಟ್ಟು, ಆಮೇಲೆ ಬೆರಳು ಹಿಡಿದುಕೊಂಡು ಹಿಂಬಾಗಿಲಿಂದ ಅಡುಗೆಮನೆಗೆ ಬಂದಳು. ತಮ್ಮನ ಹೆಂಡತಿ ನಲ್ಲಿ ತಿರುಗಿಸಿದಳು. ತಣ್ಣೀರಿನ ಕೆಳಗೆ ಬೆರಳು ಹಿಡಿದು ನಿಂತ ದಬ್ಬಣದಕ್ಕನ ಮುಖದ ನೇರಕ್ಕೆ ಆ ಕಿಟಕಿ.

ಅಂಗಳದಲ್ಲಿ ಯಾವುದೋ ನಾಯಿ ಹುಲ್ಲಿನ ಹಾಸಿಗೆಯಿಂದ ಏಳುತ್ತಿತ್ತು. ಮೊದಲು ಹಿಂಗಾಲು ಎತ್ತಿ, ಮುಂಭಾಗವನ್ನು ಸ್ವಲ್ಪ ಹೊತ್ತು ಹಾಗೇ ಬಗ್ಗಿಸಿಕೊಂಡು ನಿಂತು, ನಿಟ್ಟುಸಿರು ಬಿಟ್ಟ ಹಾಗೆ ಮಾಡಿ, ಆಮೇಲೆ ಎದ್ದಿತು. ನೀರಿನ ಬಕೆಟ್ಟಿನ ಕಡೆ ನಡೆಯಿತು. ಎಡ ಮುಂಗಾಲು ನೆಲ ಮುಟ್ಟಿದಾಗಲೆಲ್ಲ ತಲೆ ಮೇಲಕ್ಕೆ, ಬಲಗಾಲಿಗೆ ಭಾರ ಬಿಟ್ಟಾಗ ತಲೆ ಕೆಳಕ್ಕೆ.

"ಯಾರ ನಾಯಿ ಅದು, ಪಾಪ, ಮುದಿಯಾಗಿಬಿಟ್ಟಿದೆ. ನಮ್ಮಂಗಳಕ್ಕೆ ಯಾಕೆ ಬಂತು?" ಅಂದಳು ದಬ್ಬಣದಕ್ಕ.

ತಮ್ಮನ ಹೆಂಡತಿ ಅತ್ತಿಗೆಯ ಮುಖ ನೋಡಿದಳು, ಅಷ್ಟೆ.

ನಾಯಿ ಬಕೆಟ್ಟಿನ ಹತ್ತಿರ ತಿರುಗಿತು. ಒಲೆಯ ಬೂದಿಯ ಬಣ್ಣ.

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಬೆರಳಿನ ನೋವು ಎಲ್ಲಿ ಹೋಯಿತೋ. ದಬ್ಬಣದಕ್ಕ ಕೈ ಒರೆಸಿಕೊಳ್ಳದೆ ಬಾಗಿಲು ತೆರೆದು ಹೊರಗೆ ಕಾಲಿಟ್ಟಳು. ಗಾಳಿ ಅವಳ ಕಡೆಯಿಂದ ಅಂಗಳಕ್ಕೆ ಬೀಸುತ್ತಿತ್ತು. ಬೂದಿ ಇನ್ನೂ ತಲೆ ತಿರುಗಿಸಿರಲಿಲ್ಲ. ಮೂಗು ಒಮ್ಮೆ ಅರಳಿತು, ಬೆನ್ನು ನೆಟ್ಟಗಾಯಿತು, ಬಾಲ ಎದ್ದಿತು. ತಿರುಗಿ ನೋಡಿ ಕುಣಿಯುತ್ತ ಬಂತು. ನಾಲ್ಕು ಕಾಲಲ್ಲೂ ಕುಣಿಯುತ್ತ.

ತೋಳಿನಲ್ಲಿ ಪಟ್ಟಿ ಇರಲಿಲ್ಲ. ಆದರೆ ಎಷ್ಟೋ ವರ್ಷದ ಜೇನುಮೇಣ, ಚರ್ಮ, ದಾರ ಅವಳ ಕೈಯಲ್ಲಿ, ಕೂದಲಲ್ಲಿ, ಏಪ್ರನ್ನಿನಲ್ಲಿ ಇಳಿದುಹೋಗಿತ್ತು. ಅವಳು ಬಂದಳೆಂದರೆ ಓಟ ಬಂದ ಹಾಗೆ. ಓಟ ಬಂದರೆ ಆ ನಾಯಿಗಳಿಗೆ ಯಾವ ನೋವು, ಯಾವ ಕಾಲು! ಪಟ್ಟಿ ನೇತುಹಾಕಿಕೊಂಡು ದಿನಾ ಬೆಳಿಗ್ಗೆ ಅವಳು ನೋಡಿದ್ದು ನಾಯಿಗಳ ಕಾಲನ್ನಲ್ಲ, ಅವುಗಳ ಖುಷಿಯನ್ನು.

ಅವಳು ಒಳಗೆ ಬಂದು ಬಾಗಿಲು ಹಾಕಿಕೊಂಡಳು. "ನೀನು ಹೋಗು ನೋಡೋಣ" ಅಂದಳು.

ತಮ್ಮನ ಹೆಂಡತಿ ತಿಳಿಯ ಬಕೆಟ್ಟು ಹಿಡಿದು ಹೊರಗೆ ಹೋದಳು. ಬೂದಿ ಮೆಲ್ಲಗೆ, ತಲೆ ಎತ್ತುತ್ತ ಇಳಿಸುತ್ತ, ಮನೆಯವರೆದುರು ಮುಚ್ಚಿಡುವುದೇನಿದೆ ಅನ್ನುವ ಹಾಗೆ ಕುಂಟುತ್ತ ಅವಳ ಹತ್ತಿರ ಬಂತು.

ಬಂಡಿಯ ಹತ್ತಿರ ಹಗ್ಗ ಬಿಡಿಸುತ್ತಿದ್ದ ತಮ್ಮ ಕಿಟಕಿಯ ಕಡೆ ಕೂಗಿದ. "ಅಕ್ಕಾ, ಬೂದಿ ಸೈ ತಾನೆ?"

"ಇಲ್ಲ ಕಣೋ" ಅಂದಳು. ಸ್ವರ ಸಣ್ಣಗಾಗಿತ್ತು. "ನಿನ್ನ ಹೆಂಡತಿ ಹೇಳಿದ್ದೇ ಸರಿ. ಬೂದಿ ಇವತ್ತು ಬರಲ್ಲ."

ತಮ್ಮ ಹಗ್ಗ ಕೈಯಲ್ಲೇ ಹಿಡಿದು ನಿಂತ. ಬೆಟ್ಟದ ಕಡೆ ಒಮ್ಮೆ ನೋಡಿದ, ಬೂದಿಯ ಕಡೆ ಒಮ್ಮೆ. ಅಕ್ಕನ ಮಾತಿಗೆ ಎದುರಾಡಿದವನಲ್ಲ ಅಂತ ಆಗಲೇ ಹೇಳಿದೆನಲ್ಲ. ಬೂದಿಯ ಮಗಳು ಚಿಟ್ಟೆಯನ್ನು ಮುಂದಕ್ಕೆ ಕಟ್ಟಿದ. ಚಿಟ್ಟೆಗೆ ದಾರಿಗಿಂತ ಹಕ್ಕಿಗಳ ಮೇಲೆ ಗಮನ ಜಾಸ್ತಿ.

"ಏರು ಬಂದಾಗ ನಾನೇ ಇದರ ಮುಂದೆ ನಡ್ಕೊಂಡು ಹೋಗ್ತೀನಿ ಬಿಡು" ಅಂದ.

"ಬೊಗಳೋದೊಂದು ಕಲಿತ್ಕೊಂಡ್ರೆ ನಿಮಗೂ ಪಟ್ಟಿ ಹೊಲಿದುಕೊಡ್ತಾರೆ" ಅಂದಳು ಹೆಂಡತಿ. ಈ ಸಲ ನಗು ಬಂತು. ಮೂವರಿಗೂ.

ಬಂಡಿ ಹೊರಟಾಗ ಬೂದಿ ಅತ್ತದ್ದನ್ನು ಹೇಳಬಾರದು. ಗೂಟಕ್ಕೆ ಕಟ್ಟಿದ ಹಗ್ಗ ಜಗ್ಗಿ ಜಗ್ಗಿ, ಮುಖ ಆಕಾಶಕ್ಕೆ ಎತ್ತಿ, ಬೀದಿಯ ಆ ತುದಿಯ ಬೇಕರಿಯವನು ಹೊರಗೆ ಬಂದು ಯಾರು ಸತ್ತರು ಅಂತ ಕೇಳುವಷ್ಟು ಅತ್ತಿತು. ಸಮಾಧಾನ ಮಾಡಲು ದಬ್ಬಣದಕ್ಕ ಎರಡು ಹೆಜ್ಜೆ ಹೋದಳು. ಬೂದಿ ಅವಳನ್ನು ಕಂಡು ಇನ್ನೂ ಜೋರಾಗಿ ಜಗ್ಗಿತು, ಪಟ್ಟಿ ತಂದಳು ಅಂತ. ಅವಳು ನಿಂತಳು. ಹಿಂದಕ್ಕೆ ಬಂದಳು.

ಮಧ್ಯಾಹ್ನ ಪಶುವೈದ್ಯೆ ಬಂದಳು. ಇನ್ನೂ ಚಿಕ್ಕ ವಯಸ್ಸು, ಬೂಟಿನ ಹಿಮ ಕೊಡವಿ, ಮೊದಲು ದೂರದಿಂದಲೇ ಬೂದಿಯ ನಡಿಗೆ ನೋಡಿದಳು. ಆಮೇಲೆ ತಮ್ಮನ ಹೆಂಡತಿ ತಲೆ ಹಿಡಿದುಕೊಂಡಾಗ ಮಣಿಕಟ್ಟಿನಿಂದ ಹೆಗಲವರೆಗೆ ಬೆರಳಿನಿಂದ ಒತ್ತುತ್ತ ಹೋದಳು. ಮಣಿಕಟ್ಟಿನ ಹಿಂದೆ ಒಂದು ಕಡೆ ಬೂದಿ ಕಣ್ಣು ಮುಚ್ಚಿತು.

"ನರ ಊದಿದೆ ಅಮ್ಮ, ಹರಿದಿಲ್ಲ" ಅಂದಳು ಒಳಗೆ ಬಂದು. "ಮೆತ್ತನೆ ಹಿಮದಲ್ಲಿ ಕಾಲು ಹೂತು ಹೂತು ಹೀಗಾಗುತ್ತೆ. ಇವತ್ತು ಏರು ಹತ್ತಿಸಿದ್ರೆ ಹರೀತಿತ್ತು. ಈಗ ವಿಶ್ರಾಂತಿ ಕೊಡಿ. ಮೊದಲು ತಣ್ಣನೆ ಬಟ್ಟೆ, ಊತ ಇಳಿದ ಮೇಲೆ ಬೆಚ್ಚಗೆ ಸುತ್ತಿ, ಮೆಲ್ಲಗೆ ನೀವಬೇಕು. ಓಡಿಸ್ಬೇಡಿ, ಕುಣಿಸ್ಬೇಡಿ."

"ನಾನು ಹತ್ತಿರ ಹೋದ್ರೇ ಕುಣಿಯುತ್ತಲ್ಲ ಡಾಕ್ಟ್ರಮ್ಮ. ನನ್ನ ಕಣ್ಣಿಗೆ ಇಷ್ಟು ದಿನ ಮಣ್ಣು ಹಾಕಿತು."

"ನನಗೂ ಹಾಕ್ತವೆ ಅಮ್ಮ. ಮನೇಲಿ ಮೂರು ಕಾಲಲ್ಲಿ ನಡೀತಿದ್ದದ್ದು ನನ್ನ ಟೇಬಲ್ ಕಂಡ ಕೂಡ್ಲೆ ಭಯಕ್ಕೆ ನಾಲ್ಕರಲ್ಲೂ ಓಡುತ್ತೆ. ಅದಕ್ಕೇ ದೂರದಿಂದ ನೋಡೋದು." ಚಹಾ ಮುಗಿಸಿ ಎದ್ದಳು. "ಸ್ವಲ್ಪ ದಿನ ನೀವು ಅದರ ಹತ್ತಿರ ಹೋಗದೆ ಇದ್ರೇ ಒಳ್ಳೇದು."

ಹೇಳಿದಷ್ಟು ಸುಲಭವೇ? ಬುಟ್ಟಿಯಲ್ಲಿಟ್ಟು ಸಾಕಿದವಳು, ಕಾಯಿಲೆ ಬಿದ್ದಾಗ ಮುಟ್ಟಬಾರದು. ಆರೈಕೆಯೆಲ್ಲ ತಮ್ಮನ ಹೆಂಡತಿಯ ಪಾಲಿಗೆ. ದಬ್ಬಣದಕ್ಕ ಅಡುಗೆಮನೆಯಲ್ಲಿ ನಿಂತು, ಮುಚ್ಚಿದ ಗಾಜಿನ ಹಿಂದಿನಿಂದ ಕೈಸನ್ನೆಯಲ್ಲಿ ಪಾಠ ಹೇಳುವಳು. ಮೇಲಿನಿಂದ ಕೆಳಕ್ಕಲ್ಲ, ಕೆಳಗಿನಿಂದ ಮೇಲಕ್ಕೆ. ಹೆಬ್ಬೆರಳಲ್ಲ, ಅಂಗೈ. ತಮ್ಮನ ಹೆಂಡತಿ ಅಲ್ಲಿಂದ ಕಣ್ಣಲ್ಲೇ ಗೊತ್ತಾಯ್ತು ಅನ್ನುವಳು. ದಾರಿಹೋಕರು ನೋಡಿದರೆ ಈ ಮನೆಯಲ್ಲಿ ಅತ್ತಿಗೆ ನಾದಿನಿ ಗಾಜಿನ ಆಚೆ ಈಚೆ ಜಗಳ ಆಡುತ್ತಿದ್ದಾರೆ ಅಂದುಕೊಳ್ಳಬೇಕು.

ಬಂಡಿ ಹೇಳಿದ ದಿನಕ್ಕೆ ಬರಲಿಲ್ಲ. ಮರುದಿನ ಬಂತು. ತಮ್ಮ ಸೊಂಟ ಹಿಡಿದುಕೊಂಡು ಇಳಿದ. "ಅರ್ಧ ಬೆಟ್ಟ ಚಿಟ್ಟೆ ನನ್ನನ್ನ ಕರ್ಕೊಂಡು ಹೋಯ್ತು, ಇನ್ನರ್ಧ ನಾನು ಚಿಟ್ಟೆನ" ಅಂದ. ಔಷಧಿ ತಲುಪಿತ್ತು, ಎಲ್ಲ ನಾಯಿಗಳೂ ನೆಟ್ಟಗಿದ್ದವು. ಅವನು ಮೊದಲು ನೋಡಿದ್ದು ಬೂದಿಯನ್ನು, ಆಮೇಲೆ ಹೆಂಡತಿಯನ್ನು. ಅದಕ್ಕೆ ಅವಳು ವಾರವಿಡೀ ಅವನನ್ನು ಆಡಿಕೊಂಡಳು.

ಊತ ಇಳಿದ ಮೇಲೆ ಒಂದು ದಿನ ದಬ್ಬಣದಕ್ಕನಿಗೆ ತಡೆಯಲಾಗಲಿಲ್ಲ. ಬಿಸಿನೀರು ಕಾಯಿಸಿ, ಸೋಪು ಹಚ್ಚಿ ತಲೆಯಿಂದ ಕಾಲಿನವರೆಗೆ ಉಜ್ಜಿ ತೊಳೆದುಕೊಂಡಳು. ತಮ್ಮನ ಹೆಂಡತಿಯ ಈರುಳ್ಳಿ ವಾಸನೆಯ ಹಳೇ ಸ್ವೆಟರ್ ಕೇಳಿ ಹಾಕಿಕೊಂಡಳು.

"ಅತ್ತಿಗೆ, ತೋಳು ಗಿಡ್ಡ ಆಯ್ತು ನಿಮಗೆ" ಅಂತ ನಗುತ್ತ ಅವಳು ತಿಳಿಯ ಬಕೆಟ್ಟನ್ನೂ ಕೈಗೆ ಕೊಟ್ಟಳು. "ಇದನ್ನ ಹಿಡ್ಕೊಳ್ಳಿ. ಆಗ ಪೂರ್ತಿ ನಾನೇ."

ಬೂದಿ ಮಲಗಿದ್ದಲ್ಲಿಂದ ತಲೆ ಎತ್ತಿತು. ಸ್ವೆಟರ್ ಮೂಸಿತು, ಬಕೆಟ್ಟು ಮೂಸಿತು, ಮತ್ತೆ ಸ್ವೆಟರ್ ಮೂಸಿತು. ಹಣೆ ಗಂಟಿಕ್ಕಿದ ಹಾಗೆ ಕಂಡಿತು. ಕೊನೆಗೆ ಬ್ಯಾಂಡೇಜು ಸುತ್ತಿದ ಆ ಹೆಬ್ಬೆರಳಿಗೆ ಮೂಗು ಬಂದು ನಿಂತಿತು. ಅಲ್ಲಿ ಸೋಪು ಮುಟ್ಟಿರಲಿಲ್ಲ. ಇನ್ನೇನು ಎದ್ದು ಕುಣಿಯುತ್ತದೆ ಅಂತ ದಬ್ಬಣದಕ್ಕ ಉಸಿರು ಹಿಡಿದಳು. ಬೂದಿ ಕುಣಿಯಲಿಲ್ಲ. ಅವಳ ತೊಡೆಯ ಮೇಲೆ ಗದ್ದ ಇಟ್ಟು, ಎಡ ಮುಂಗಾಲನ್ನು ಉದ್ದಕ್ಕೆ ಚಾಚಿತು. ನೋಯುವುದು ಇಲ್ಲಿ ಅಂತ ಮೊದಲ ಸಲ ಅವಳಿಗೆ ತೋರಿಸಿತು. ಅವಳು ಕೆಳಗಿನಿಂದ ಮೇಲಕ್ಕೆ, ಅಂಗೈಯಲ್ಲಿ, ನೀವುತ್ತ ಕೂತಳು. ಅಡುಗೆಮನೆ ಕಿಟಕಿಯಿಂದ ಯಾರೋ ಗಾಜು ತಟ್ಟಿ ಕೈಸನ್ನೆಯಲ್ಲಿ, ಇನ್ನೂ ಮೆಲ್ಲಗೆ, ಅಂದರು.

ಈಗ ಆ ಕಿಟಕಿಯ ಹತ್ತಿರ ಎರಡು ಸ್ಟೂಲುಗಳಿವೆ. ಬೆಳಿಗ್ಗೆ ಅತ್ತಿಗೆ ನಾದಿನಿ ಇಬ್ಬರೂ ಚಹಾ ಹಿಡಿದು ಕೂತು, ನಾಯಿಗಳು ಏಳುವುದನ್ನು, ಮೈಮುರಿಯುವುದನ್ನು, ಬಕೆಟ್ಟಿನ ತನಕ ನಡೆಯುವುದನ್ನು ನೋಡುತ್ತಾರೆ. ಆಮೇಲೆಯೇ ದಬ್ಬಣದಕ್ಕ ಪಟ್ಟಿ ನೇತುಹಾಕಿಕೊಂಡು ಹೊರಗೆ ಹೋಗುವುದು. ಬೂದಿ ಮೊದಲ ಸಲ ನೆಟ್ಟಗೆ ನಡೆದ ದಿನ ದಬ್ಬಣದಕ್ಕ ತಾನಾಗಿ ಸೈ ಅನ್ನಲಿಲ್ಲ. ಬಲಗಣ್ಣು ಎಡಗಣ್ಣು ಎರಡನ್ನೂ ಒರೆಸಿಕೊಂಡು, ಪಕ್ಕದವಳ ಕಡೆ ತಿರುಗಿ, "ನೀನು ಹೇಳು" ಅಂದಳು.

ತಮ್ಮನ ಹೆಂಡತಿ ಇನ್ನೊಂದು ಸುತ್ತು ನೋಡಿದಳು. ಬೂದಿ ಬಕೆಟ್ಟು ಖಾಲಿ ಮಾಡಿ, ತಿರುಗಿ, ತನ್ನ ಜಾಗಕ್ಕೆ ಬಂದು ಕೂತಿತು. ತಲೆ ಒಂದು ಸಲವೂ ಎತ್ತದೆ, ಒಂದು ಸಲವೂ ತಗ್ಗಿಸದೆ.

"ಸೈ" ಅಂದಳು.